ಪತನ ಮೀಮಾಂಸೆ: ಲ್ಯಾಪ್‌ಟಾಪ್‌ ಬೀಳುವಿಕೆಯ ಶಾಸ್ತ್ರೀಯ ವಿವೇಚನೆ

ಲ್ಯಾಪ್‌ಟಾಪಿನ ಪತನ ಎರಡು ಬಗೆ: ಬಿದ್ದದ್ದು ಮತ್ತು ಬೀಳುತ್ತಿರುವುದು. ಮೊದಲನೆಯದು ರಿಪೇರಿಯವನ ಕ್ಷೇತ್ರವಾದ್ದರಿಂದ ಶಾಸ್ತ್ರ ಅದಕ್ಕೆ ಕೈಹಾಕದು. ಮೀಮಾಂಸೆಗೆ ಅರ್ಹವಾದದ್ದು ಎರಡನೆಯದು ಮಾತ್ರ. ಮುಕ್ಕಾಲು ಮೀಟರ್ ಎತ್ತರದ ಮೇಜನ್ನು ಪ್ರಮಾಣವಾಗಿ ಹಿಡಿದರೆ ಅದರ ಪೂರ್ಣಾಯುಸ್ಸು ಸುಮಾರು 0.39 ಸೆಕೆಂಡು. ‘ಅಯ್ಯೋ’ ಎಂಬ ಉದ್ಗಾರದ ಎರಡನೆಯ ಅಕ್ಷರ ಬಾಯಿಂದ ಹೊರಡುವಷ್ಟರಲ್ಲಿ ಪತನ ಸಾಂಗವಾಗಿ ಮುಗಿದಿರುತ್ತದೆ. ಆದಕಾರಣ ಉದ್ಗಾರವು ರಕ್ಷಣೋಪಾಯವಲ್ಲವೆಂಬುದು ಸಿದ್ಧ.

ಅಪಾಯವಿರುವುದು ಹಾರ್ಡ್‌ಡಿಸ್ಕಿನ ತಲೆಗೆ. ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತಿದ್ದರೆ, ಓದುವ-ಬರೆಯುವ ತಲೆ ಅದರ ಮೇಲೆ ಗಾಳಿಯ ಹಾಸಿನಲ್ಲಿ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ‘ಕೂದಲೆಳೆಯ ಅಂತರ’ ಎಂಬ ನುಡಿಗಟ್ಟು ಇಲ್ಲಿ ಅತಿ ಧಾರಾಳ. ಕೂದಲೆಳೆ ಈ ಅಂತರಕ್ಕಿಂತ ಸಾವಿರಾರು ಪಟ್ಟು ದಪ್ಪ. ಹೊಡೆತ ಬಿದ್ದರೆ ತಲೆ ತಟ್ಟೆಗೆ ಬಡಿದು ಕಾಂತೀಯ ಲೇಪವನ್ನು ಕೆರೆಯುತ್ತದೆ, ಲೇಪದೊಂದಿಗೆ ಮದುವೆಯ ಫೋಟೋಗಳೂ ಕೆರೆದುಹೋಗುತ್ತವೆ. ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯಬಾರದೆಂಬ ಗಾದೆ ಮನುಷ್ಯರಿಗಾಯಿತು. ಈ ತಲೆ ಗಟ್ಟಿಯೂ ಅಲ್ಲ.

ಬೀಳುವುದನ್ನು ಯಂತ್ರ ಅರಿಯುವ ಬಗೆ ಸ್ವಾರಸ್ಯವಾದದ್ದು. ಸಂವೇದಕವೆಂದರೆ ಒಂದು ಚಿಪ್. ಅದರೊಳಗೆ ಸಿಲಿಕಾನಿನ ಸೂಕ್ಷ್ಮ ತುಂಡೊಂದು ಸಿಲಿಕಾನಿನದೇ ಸ್ಪ್ರಿಂಗುಗಳಿಗೆ ಜೋತುಕೊಂಡಿರುತ್ತದೆ. ಅದು ಅಲುಗಿದಾಗ ಬಾಚಣಿಗೆಯ ಹಲ್ಲುಗಳಂಥ ಫಲಕಗಳ ನಡುವಣ ಧಾರಕತೆ ಬದಲಾಗುತ್ತದೆ. ಮೇಜಿನ ಮೇಲೆ ಸುಮ್ಮನೆ ಕುಳಿತಾಗ ಇದು ಒಂದು ‘ಜಿ’ಯಷ್ಟು ಭಾರವನ್ನು ತೋರಿಸುತ್ತದೆ. ಬೀಳುವಾಗ ಮೂರು ಅಕ್ಷಗಳಲ್ಲೂ ಹೆಚ್ಚುಕಡಿಮೆ ಸೊನ್ನೆ. ಬೀಳುವವನಿಗೆ ತನ್ನ ಭಾರ ತಿಳಿಯದೆಂಬ ಹೊಳಹು 1907ರಲ್ಲಿ ಐನ್‌ಸ್ಟೈನರಿಗೆ ಬಂದು, ಮುಂದೆ ಸಾಮಾನ್ಯ ಸಾಪೇಕ್ಷತೆಗೆ ದಾರಿಯಾಯಿತು. ಅದೇ ತತ್ತ್ವ ಇಲ್ಲಿ ಆಫೀಸಿನ ಎಕ್ಸೆಲ್ ಕಡತಗಳ ಕಾವಲಿಗೆ ನಿಂತಿದೆ. ಸೂತ್ರರೂಪದಲ್ಲಿ ಹೇಳುವುದಾದರೆ: ‘ಶೂನ್ಯಭಾರೇ ಶಿರೋನಿವೃತ್ತಿಃ’. ಭಾರ ಸೊನ್ನೆಯಾದೊಡನೆ ತಲೆ ತಟ್ಟೆಯಿಂದ ಸರಿದು ಅಂಚಿನ ಇಳಿಜಾರನ್ನೇರಿ ಕೂರತಕ್ಕದ್ದು. ಪತನವನ್ನು ತಡೆಯುವ ಉಮೇದು ಈ ಶಾಸ್ತ್ರಕ್ಕಿಲ್ಲ. ಪರದೆ, ಕೀಲುಗಳ ಗತಿಯ ಬಗೆಗೂ ಅದು ಮೌನಿ.

ಪೂರ್ವಪಕ್ಷ: ಮೇಜಿನಿಂದ ಬಿದ್ದದ್ದಕ್ಕೆ ಸರಿ, ಮೂರೇ ಸೆಂಟಿಮೀಟರ್ ಎತ್ತರದಿಂದ ದೊಪ್ಪನೆ ಇಟ್ಟರೆ? ಆ ಪತನಕ್ಕೆ ಸಿಗುವುದು ಸುಮಾರು 0.08 ಸೆಕೆಂಡು, ಸಂವೇದಕ ಅರಿತು, ತಲೆ ಸರಿದು ಕೂರಲು ಅದು ಸಾಲದೆ ಹೋಗಬಹುದು. ಇದರಿಂದ ಎತ್ತರದಿಂದ ಬೀಳುವುದೇ ಲೇಸೆಂಬ ಉಪಸಿದ್ಧಾಂತ ಹುಟ್ಟುತ್ತದೆ. ಅದನ್ನು ಪ್ರಯೋಗಕ್ಕಿಳಿಸುವವರು ಸ್ವಂತದ ಲ್ಯಾಪ್‌ಟಾಪ್‌ ಬಳಸುವುದು ವಿಹಿತ. ತಿರುಗುತ್ತಾ ಬೀಳುವ ಯಂತ್ರದಲ್ಲಿ ಸಂವೇದಕ ಸೊನ್ನೆ ತೋರಿಸದೆಯೂ ಇರಬಹುದು. ಸಮಾಧಾನ: ಜಾಣ ವ್ಯವಸ್ಥೆಗಳು ಬೀಳುವ ತನಕ ಕಾಯದೆ, ವಾಲಿಕೆ ಮತ್ತು ಅಲುಗಾಟದಿಂದಲೇ ಗ್ರಹಚಾರವನ್ನು ಊಹಿಸುತ್ತವೆ.

ಈ ಸಂಪ್ರದಾಯದ ಮೂಲಪುರುಷ ಐಬಿಎಂ. 2003ರಲ್ಲಿ ಅದರ ಥಿಂಕ್‌ಪ್ಯಾಡ್‌ಗಳಿಗೆ ಈ ರಕ್ಷೆ ಬಂತು. ರೈಲಿನಂಥ ಏಕತಾನದ ಕುಲುಕಾಟವನ್ನು ಗುರುತಿಸಿ ಅಲಕ್ಷಿಸುವ ವಿವೇಕವೂ ಅದಕ್ಕಿತ್ತು. 2005ರಲ್ಲಿ ಆಪಲ್ ‘ಸಡನ್ ಮೋಷನ್ ಸೆನ್ಸರ್’ ಎಂಬ ಹೆಸರಿನಿಂದ ಅದೇ ಮತಕ್ಕೆ ಸೇರಿತು. ಬಳಿಕ ಭಕ್ತರು ಶಾಸ್ತ್ರವನ್ನು ತಲೆಕೆಳಗು ಮಾಡಿದರು: 2006ರಲ್ಲಿ ಯಾರೋ ಒಬ್ಬರು ಮ್ಯಾಕ್‌ಬುಕ್ಕಿನ ಕಪಾಳಕ್ಕೆ ತಟ್ಟಿದರೆ ಪರದೆ ಬದಲಾಗುವ ‘ಸ್ಮ್ಯಾಕ್‌ಬುಕ್’ ರಚಿಸಿದರು. ಹೊಡೆತದಿಂದ ಕಾಯಲು ಇಟ್ಟ ಕಾವಲುಗಾರನೇ ಹೊಡೆತಕ್ಕೆ ಕಾರಣನಾದ ಪರಿ ಇದು. 2008ರ ‘ಕ್ವೇಕ್ ಕ್ಯಾಚರ್ ನೆಟ್‌ವರ್ಕ್’ ಅದೇ ಸಂವೇದಕಗಳಿಂದ ಭೂಕಂಪ ಹಿಡಿಯಲು ಹೊರಟಿತು. ಭೂಮಿ ಅಲುಗಿತೋ ಬೆಕ್ಕು ಹಾರಿತೋ ಎಂದು ತಿಳಿಯಲು ಆಸುಪಾಸಿನ ಹಲವು ಯಂತ್ರಗಳ ಸಾಕ್ಷ್ಯ ಬೇಕಾಗುತ್ತದೆ.

ಶಾಸ್ತ್ರದ ಅವಸಾನಕ್ಕೆ ಕಾರಣ ಎಸ್‌ಎಸ್‌ಡಿ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ತೇಲುವ ತಲೆಯಿಲ್ಲ. ತಲೆಯೇ ಇಲ್ಲದ ಮೇಲೆ ತಲೆನೋವೆಲ್ಲಿಯದು? 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊ ಸಂವೇದಕವನ್ನು ಕೈಬಿಟ್ಟಿತು. ಮೇಜಿನಿಂದ ಜಾರಿದಾಗ, ತಾನು ಬೀಳುತ್ತಿದ್ದೇನೆಂಬ ಅರಿವೇ ಅದಕ್ಕಿರುವುದಿಲ್ಲ.