ಒಂದು ಸಣ್ಣ ವಿಷ್ಯ

ಸಾಲ ಕೊಟ್ಟವರನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ. ನಾನು ಬದಲಿಸುವುದು ಮಗಳ ಮೇಷ್ಟ್ರನ್ನು ಕಂಡಾಗ. ಅವರಿಗೆ ನಾನು ಕೊಡಬೇಕಾದ್ದು ಏನೂ ಇಲ್ಲ. ಅವರೇ ನನಗೆ ಕೊಡಬೇಕಾದ್ದು ಸದಾ ಏನಾದರೊಂದು ಇರುತ್ತದೆ, ಅದೇ ತೊಂದರೆ. ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಾಗ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ತಿಪಟೂರಿನ ಬಸ್ಸಿಗೆ ಒಂದು ಕಾಲು ಇಟ್ಟಾಗ, ಹಿಂದಿನಿಂದ ದನಿ ಬರುತ್ತದೆ: “ಸಿಂಚನ ಅಪ್ಪಾ, ಒಂದು ಸಣ್ಣ ವಿಷ್ಯ.” ಆ ವಿಷಯ ಎಂದೂ ಸಣ್ಣದಾಗಿರುವುದಿಲ್ಲ. ಬಸ್ಸು ಹೋಗಿರುತ್ತದೆ.

ನಿಮ್ಮೂರಿನ ಶಾಲೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಾನು ಇವರನ್ನು ವರದಿ ಮೇಷ್ಟ್ರು ಅನ್ನುತ್ತೇನೆ, ಅವರು ಇಲ್ಲದಾಗ. ತರಗತಿಯಲ್ಲಿ ನಡೆದದ್ದು ತರಗತಿಯಲ್ಲೇ ಉಳಿದರೆ ಅವರಿಗೆ ಉಂಡ ಅನ್ನ ಅರಗದು. ದೊಡ್ಡವರ ಹೆಸರು ಅವರಿಗೆ ನೆನಪಿರುವುದಿಲ್ಲ. ಪಂಚಾಯಿತಿ ಅಧ್ಯಕ್ಷರೂ “ಐದನೇ ಕ್ಲಾಸ್ ಚೇತನ್ ತಾತ” ಅಷ್ಟೇ. ಹಳೇ ಎಕ್ಸೆಲ್ ಗಾಡಿಯ ಹ್ಯಾಂಡಲ್ಲಿಗೆ ಒಂದು ಬಟ್ಟೆ ಚೀಲ ನೇತುಬಿದ್ದಿರುತ್ತದೆ. ಒಳಗೆ ಹತ್ತತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿದ ಪೊರಕೆಕಡ್ಡಿಯ ಕಟ್ಟುಗಳು, ಒಂದಷ್ಟು ಬಿಡಿ ಕಡ್ಡಿ, ಡಬ್ಬಿಯಲ್ಲಿ ಹುಣಸೆಬೀಜ, ಮತ್ತು ಯಾರದೋ ಮಗುವಿನ ನೋಟ್‌ಬುಕ್ಕು. ಆ ನೋಟ್‌ಬುಕ್ಕು ನನ್ನ ಮಗಳದೇ ಆಗಿರುವ ದಿನ ನಾನು ತೋಟದ ಹಿಂದಿನ ದಾರಿಯಲ್ಲಿ ಮನೆ ಸೇರುತ್ತೇನೆ.

ಒಮ್ಮೆ ಧೈರ್ಯ ಮಾಡಿ, “ಇದನ್ನೆಲ್ಲ ಹೀಗೆ ದಾರಿಯಲ್ಲಿ ಹೇಳಲೇಬೇಕಾ ಮೇಷ್ಟ್ರೇ?” ಅಂದೆ. ಅವರು ಕೂಡಲೇ ಕಾಯ್ದೆ ತೆಗೆದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮಿನ ಪ್ರಕಾರ ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ಇವನ್ನೆಲ್ಲ ಪೋಷಕರ ಸಭೆ ನಡೆಸಿ ತಿಳಿಸುವುದು ಶಿಕ್ಷಕನ ಕರ್ತವ್ಯ. “ಸಭೆಗೆ ನೀವು ಬರಲ್ಲ. ಅದಕ್ಕೇ ನಾನೇ ಬರ್ತೀನಿ,” ಅಂದರು. ಡೇರಿಯ ಮುಂದೆ ತಿಳಿಸಿ ಎಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ತಿಳಿಸಬೇಡಿ ಎಂದೂ ಇಲ್ಲ.

ನಮ್ಮ ಕಡೆಯಿಂದಲೂ ಒಂದು ಮಾತು ಹೇಳಬೇಕು. ತಂದೆತಾಯಿಗಳಿಗೆ ಬೇಕಾದ ಸುದ್ದಿ ಬಹಳ ಕಡಿಮೆ. ಗಂಡಸರ ಪ್ರಶ್ನೆ ಒಂದೇ: ಎಷ್ಟು ಮಾರ್ಕ್ಸು? ನನ್ನ ಹೆಂಡತಿಯವು ಎರಡು: ಸರಿಯಾಗಿ ಊಟ ಮಾಡ್ತಾಳಾ, ಗಲಾಟೆ ಮಾಡ್ತಾಳಾ? ಮೇಷ್ಟ್ರು ಸ್ಥಾನಬೆಲೆಯ ಬಗ್ಗೆ ಎಷ್ಟು ಹೊತ್ತು ಹೇಳಿದರೂ ಅವಳು ಕೊನೆಗೆ, “ಅದಿರ್ಲಿ ಮೇಷ್ಟ್ರೇ, ಗಲಾಟೆ ಮಾಡ್ತಾಳಾ?” ಅಂತಲೇ ಕೇಳುವುದು. ಮಾರ್ಕ್ಸ್ ಕೇಳುವ ನಮ್ಮ ಬಾಯಿಯನ್ನಂತೂ ನಲಿಕಲಿ ಮೊದಲೇ ಮುಚ್ಚಿಸಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಕಾರ್ಡು ಹಿಡಿದು, ಕಲಿಕಾ ಏಣಿಯನ್ನು ತಂತಮ್ಮ ವೇಗದಲ್ಲಿ ಹತ್ತುತ್ತಾರೆ. ತಲೆಯ ಮೇಲೆ ದಾರದ ಚಪ್ಪರ, ಅದರ ತುಂಬ ಅವರು ಬರೆದದ್ದು, ಬಿಡಿಸಿದ್ದು. ಅಲ್ಲಿ ನಿಂತು ನಮ್ಮ ಪಕ್ಕದ ಮನೆಯವರು, “ನನ್ನ ಮಗ ಎಷ್ಟನೇ ರ‍್ಯಾಂಕು?” ಅಂದರು. ಮೇಷ್ಟ್ರು ಗೋಡೆಯ ಏಣಿ ತೋರಿಸಿ, ಇಗೋ ಈ ಮೆಟ್ಟಿಲಲ್ಲಿದ್ದಾನೆ ಅಂದರು. “ಅದು ಮೇಲಿಂದ ಎಷ್ಟನೇದು?” ಅಂತ ಇವರು. ಆ ಮಾತುಕತೆ ಇನ್ನೂ ಮುಗಿದಿಲ್ಲ.

ಆಮೇಲೆ ವಾಟ್ಸ್‌ಆ್ಯಪ್ ಗ್ರೂಪು ಬಂತು. ಬಿಸಿಯೂಟದ ಮೊಟ್ಟೆ, ಗಿಡ ನೆಟ್ಟದ್ದು, ಸ್ಲೇಟು, ಕಪ್ಪುಹಲಗೆ, ಸ್ಲೇಟು, ಮತ್ತೆ ಸ್ಲೇಟು. ಮಕ್ಕಳ ತಪ್ಪು ಲೆಕ್ಕದ ಫೋಟೋ ಹಾಕಿ, “ಇದನ್ನು ಮಗು ಹೇಗೆ ಯೋಚಿಸಿರಬಹುದು?” ಎಂದು ಕೇಳುತ್ತಾರೆ. ಹೆಸರು ಹಾಕುವುದಿಲ್ಲ, ಆದರೆ ನಮ್ಮ ನಮ್ಮ ಮಕ್ಕಳ ಅಕ್ಷರ ನಮಗೆ ಗೊತ್ತಾಗದೆ ಇರುತ್ತದೆಯೇ? ಉತ್ತರವಾಗಿ ಹೆಬ್ಬೆರಳುಗಳು, ಕೈಮುಗಿದ ಚಿತ್ರಗಳು, ಒಂದೆರಡು “ಅಭಿನಂದನೆಗಳು” ಬರುತ್ತವೆ. ಒಮ್ಮೆ ಯಾರೋ ಓದದೆಯೇ “ಓಂ ಶಾಂತಿ” ಹಾಕಿದರು. ಭಾಗಾಕಾರದ ಲೆಕ್ಕವಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ನನ್ನ ಸೋದರಮಾವನ ಮಗನ ಮದುವೆಯಲ್ಲಿ ನಡೆದದ್ದು.

ಮೊದಲ ಪಂಕ್ತಿಯಲ್ಲೇ ಜಾಗ ಸಿಕ್ಕಿತ್ತು. ಕಾಯಿ ಹೋಳಿಗೆ ಎಂಬ ಸುದ್ದಿ ಅಡುಗೆಮನೆಯಿಂದ ಮೊದಲೇ ಬಂದಿತ್ತು. ಪಕ್ಕದ ಎಲೆ ಖಾಲಿ ಇದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಬಂದು ಕೂತರು. ಕೋಸಂಬರಿ ಬಡಿಸಿ ಮುಗಿಯುವವರೆಗೂ ಸುಮ್ಮನಿದ್ದರು. ಅಷ್ಟು ದಾಕ್ಷಿಣ್ಯ ಅವರಲ್ಲಿದೆ. ಆಮೇಲೆ ಶುರುವಾಯಿತು.

“ಸಿಂಚನ ನೆನ್ನೆ 52ರಲ್ಲಿ 28 ಕಳೆದು 36 ಅಂತ ಬರೆದ್ಲು,” ಅಂದರು. ಮುಖ ಅರಳಿತ್ತು.

“ತಪ್ಪಲ್ವಾ ಮೇಷ್ಟ್ರೇ?”

“ಉತ್ತರ ತಪ್ಪು. ಆದ್ರೆ ಅವಳಿಗೆ ಒಂದು ನಿಯಮ ಇದೆ. ಕೂರಿಸ್ಕೊಂಡು ಕೇಳ್ದೆ. ‘ಎರಡರಲ್ಲಿ ಎಂಟು ಹೋಗಲ್ಲ ಸಾರ್, ಎಂಟರಲ್ಲಿ ಎರಡು ಹೋಗುತ್ತೆ, ಯಾವ್ದೋ ಒಂದು ಹೋದ್ರೆ ಆಯ್ತಲ್ಲ’ ಅಂದ್ಲು. ಕೊಟ್ಟ ಅಷ್ಟೂ ಲೆಕ್ಕದಲ್ಲಿ ಹಂಗೇ ಮಾಡಿದ್ದಾಳೆ. ಒಂದು ಕಡೇನೂ ನಿಯಮ ಬಿಟ್ಟಿಲ್ಲ!”

ಎದುರು ಸಾಲಿನವರು ಪಲ್ಯ ಬಿಟ್ಟು ನನ್ನನ್ನು ನೋಡತೊಡಗಿದರು. ಮಗಳ ಪರವಾಗಿ ನಾನು ಏನಾದರೂ ಹೇಳಬೇಕಿತ್ತು. “ಮನೆಯಲ್ಲಿ ಹೇಳಿಕೊಡ್ತೀನಿ ಬಿಡಿ,” ಅಂದೆ. ಆ ಮಾತು ಅವರಿಗೆ ಆಹ್ವಾನವಾಗಿ ಕೇಳಿಸಿತು. “ಹೆಂಗೆ ಹೇಳಿಕೊಡ್ತೀರಿ?” ಅಂದರು.

ಮುಯ್ಯಿ ಬರೆಯುತ್ತಿದ್ದ ನಮ್ಮ ಚಿಕ್ಕಪ್ಪ ಎದುರಿಗೇ ಊಟಕ್ಕೆ ಕೂತಿದ್ದರು, ಹಣದ ಚೀಲ ತೊಡೆಯ ಮೇಲೆ. ಮೇಷ್ಟ್ರು ಅವರಿಂದ ಹತ್ತು ರೂಪಾಯಿಯ ಐದು ನೋಟು, ಎರಡು ನಾಣ್ಯ ಇಸಿದುಕೊಂಡರು. ಐವತ್ತೊಂದು, ನೂರೊಂದು ಮುಯ್ಯಿ ಮಾಡುವ ನಾಡಿನಲ್ಲಿ ಒಂದು ರೂಪಾಯಿ ನಾಣ್ಯಕ್ಕೆ ಬರವಿಲ್ಲ. ಎಲ್ಲವನ್ನೂ ನನ್ನ ಎಲೆಯ ಪಕ್ಕ ಹಾಸಿ, “ಇದರಲ್ಲಿ ನನಗೆ 28 ಕೊಡಿ,” ಅಂದರು. ನಾನು ಮೂರು ನೋಟು ಕೊಟ್ಟು, ಎರಡು ರೂಪಾಯಿ ವಾಪಸ್ ಕೊಡಿ ಅಂದೆ. “ನನ್ನ ಹತ್ರ ಎರಡು ರೂಪಾಯಿ ಇಲ್ಲ ಅಂತ ತಿಳ್ಕೊಳ್ಳಿ,” ಅಂದರು. ಬಸ್ ಕಂಡಕ್ಟರ್ ಬಿಟ್ಟರೆ ಈ ಮಾತನ್ನು ನನಗೆ ಹೇಳಿದ್ದು ಇವರೇ. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ “ಹೋಳಿಗೆ, ಹೋಳಿಗೆ” ಎಂಬ ಕೂಗು ಕೇಳಿಸಿತು. ನನ್ನ ಎಲೆಯ ಪಕ್ಕದ ನೋಟುಗಳನ್ನು ಕಂಡು, ಇದು ಏನೋ ವ್ಯವಹಾರ ಅಂತ ತಿಳಿದು, ಬಡಿಸುವ ಹುಡುಗ ದಾಟಿಕೊಂಡು ಹೋದ.

ಮೇಷ್ಟ್ರು ಒಂದು ಹತ್ತರ ನೋಟನ್ನು ಚಿಕ್ಕಪ್ಪನಿಗೆ ಕೊಟ್ಟು ಹತ್ತು ನಾಣ್ಯ ಎಣಿಸಿಕೊಂಡರು. ಈಗ ನಾಲ್ಕು ನೋಟು, ಹನ್ನೆರಡು ನಾಣ್ಯ. “ದುಡ್ಡು ಹೆಚ್ಚಾಯ್ತಾ? ಕಡಿಮೆ ಆಯ್ತಾ? ಅದೇ 52.” ಎರಡು ನೋಟು, ಎಂಟು ನಾಣ್ಯ ಸರಿಸಿದರು. ಎರಡು ನೋಟು, ನಾಲ್ಕು ನಾಣ್ಯ ಉಳಿದವು. ಸಾಲಿಗೆ ಸಾಲೇ “ಓಹೋ” ಅಂದಿತು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ಹತ್ತರ ಮನೆಯಿಂದ ಒಂದನ್ನು ತಂದು ಬಿಡಿಯ ತಲೆಯ ಮೇಲೆ ಬರೆಯುವುದನ್ನು ನಾನು ಇಷ್ಟು ವರ್ಷ ತಪ್ಪದೆ ಮಾಡಿಕೊಂಡು ಬಂದವನು. ಯಾಕೆ ಎಂದು ಯಾರೂ ಕೇಳಿರಲಿಲ್ಲ, ನಾನೂ ವಿಚಾರಿಸಲು ಹೋಗಿರಲಿಲ್ಲ.

ಅಷ್ಟರಲ್ಲಿ ಸಾಲಿನ ಕೊನೆಯಿಂದ ನಮ್ಮೂರ ಕೊಬ್ಬರಿ ಸಾಹುಕಾರರು ಬಾಯಿ ಹಾಕಿದರು. “ಅಲ್ಲಾ ಸಾರ್, 28ಕ್ಕೆ 2 ಹಾಕಿದ್ರೆ 30, ಇನ್ನು 22 ಹಾಕಿದ್ರೆ 52. ಎರಡೂ ಸೇರಿ 24. ಇದಕ್ಯಾಕೆ ಇಷ್ಟೊಂದು ಚಿಲ್ಲರೆ?” ಮೇಷ್ಟ್ರು ಎದ್ದು ಹೋಗಿ, ಸಾರು ಮೆತ್ತಿದ ಅವರ ಕೈಯನ್ನು ಹಾಗೇ ಹಿಡಿದುಕೊಂಡರು. “ನಾಳೆ ಶಾಲೆಗೆ ಬಂದು ಇದನ್ನ ಮಕ್ಕಳಿಗೆ ಹೇಳ್ಬೇಕು.” ಸಾಹುಕಾರರು ಹೆದರಿ, “ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟೋನು,” ಅಂದರು. “ಅದಕ್ಕೇ ಬನ್ನಿ ಅಂದಿದ್ದು.” ಸಾಹುಕಾರರು ಬಿಳಿ ಪಂಚೆ ಉಟ್ಟು ಹೋದರಂತೆ, ಹೇಳಿಯೂ ಹೇಳಿದರಂತೆ. ಫೋಟೋ ಗ್ರೂಪಿನಲ್ಲಿ ಬಂತು. ಮುಯ್ಯಿ ಪುಸ್ತಕದಲ್ಲಿ ಅವತ್ತು ಒಂದು ರೂಪಾಯಿ ಕಡಿಮೆ ಬಿತ್ತು. ಮೇಷ್ಟ್ರ ಅಂಗಿಯ ಜೇಬಿನ ಮೇಲೆ ಚಿಕ್ಕಪ್ಪನಿಗೆ ಇವತ್ತಿಗೂ ಅನುಮಾನ. ಹೋಳಿಗೆ ಎರಡನೇ ಸಲ ಬರಲಿಲ್ಲ.

ಮೇಷ್ಟ್ರ ಮೇಲಿನ ನನ್ನ ಸಿಟ್ಟಿನ ಮೂಲ ಹೋಳಿಗೆ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅಷ್ಟೇ ಆಗಿದ್ದರೆ ಇಷ್ಟು ಹೊತ್ತಿಗೆ ಇಳಿದಿರುತ್ತಿತ್ತು. ಮಾರ್ಕ್ಸ್ ಎಷ್ಟು ಅಂತ ಹೇಳಿಬಿಟ್ಟರೆ ಸಂತೋಷವೋ ಬೇಜಾರೋ ಅಲ್ಲೇ ತೀರಿತು. ಇವರು ಹಾಗೆ ತೀರಿಸುವುದಿಲ್ಲ. “ಬರೆಯೋಕೆ ಮುಂಚೆ ತುಟಿ ಅಲ್ಲಾಡಿಸ್ತಾಳೆ, ಗಮನಿಸಿದೀರಾ?” ಅನ್ನುತ್ತಾರೆ. ಮನೆಗೆ ಹೋದ ಮೇಲೆ ಗಮನಿಸದೆ ಇರುವುದು ಹೇಗೆ? ಕೊಬ್ಬರಿ ರೇಟಿನ ಸುದ್ದಿ ನೋಡುವುದನ್ನು ಬಿಟ್ಟು ಮಗಳ ತುಟಿ ನೋಡುತ್ತಾ ಕೂರುತ್ತೇನೆ. ಅಲ್ಲಾಡುತ್ತದೆ, ಹೌದು.

ನಮ್ಮಪ್ಪ ಶಾಲೆಯ ಬಾಗಿಲಿಗೆ ಬಂದದ್ದು ನನ್ನನ್ನು ಸೇರಿಸಿದ ದಿನ. “ಓದದಿದ್ರೆ ನಾಕು ಬಾರಿಸಿ ಮೇಷ್ಟ್ರೇ,” ಎಂದು ಹೇಳಿ ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನಾನು ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸುತ್ತಿದ್ದೆ. ಅವರು ಜಗುಲಿಯ ಮೇಲೆ ಬೀಡಿ ಸೇದುತ್ತಾ ಹೂಂಗುಟ್ಟುತ್ತಿದ್ದರು. ಹದಿನೇಳರ ಮಗ್ಗಿಯನ್ನು ನಾನು ಪ್ರತಿದಿನ ಹಾರಿಸುತ್ತಿದ್ದೆ, ಹದಿನಾರಾದ ಮೇಲೆ ನೇರ ಹದಿನೆಂಟು, ಅಲ್ಲಿಯೂ ಹೂಂ. ಸಂತೆಯಲ್ಲಿ ಯಾರಾದರೂ ಅವರನ್ನು ತಡೆದು, ನಿಮ್ಮ ಹುಡುಗ ಲೆಕ್ಕವನ್ನ ಹೀಗೆ ಯೋಚನೆ ಮಾಡ್ತಾನೆ ಅಂದಿದ್ದರೆ ಏನು ಮಾಡುತ್ತಿದ್ದರೋ. ಬೈದಿರಬಹುದು. ಬೀಡಿ ಆರಿಸಿ ಕೇಳಿಸಿಕೊಂಡಿರಲೂಬಹುದು.

ಇರಲಿ. ಮಗಳು ಈಗ ನಾಲ್ಕನೇ ತರಗತಿ. ಗಣಿತ ಕಲಿಕಾ ಆಂದೋಲನದ ಕಿಟ್ಟು ಬಂದಿದೆ: ಮಣಿಕಟ್ಟು, ಭಿನ್ನರಾಶಿ ಪಟ್ಟಿ, ಆಟದ ನೋಟು, ತಕ್ಕಡಿ. ಇನ್ನು ಮೇಲೆ ಯಾರ ಮುಯ್ಯಿ ಚೀಲಕ್ಕೂ ಭಯವಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಯೂ ಇದೆ. ಊರವರೆಲ್ಲ ಸುತ್ತ ನಿಂತು ನೋಡುವಾಗ ಮಕ್ಕಳು ಲೆಕ್ಕ ಮಾಡಬೇಕು. ಅದಕ್ಕೆ ಮುಂಚೆ ಪೋಷಕರ ಸಭೆ ಕರೆದರು. ಎಸ್‌ಡಿಎಂಸಿ ಅಧ್ಯಕ್ಷರ ಭಾಷಣ ಮುಗಿದದ್ದೇ ಮೇಷ್ಟ್ರು ಎದ್ದು, ಮಕ್ಕಳು ಬರೆಯುವಂಥದೇ ಒಂದು ಪ್ರಶ್ನೆಪತ್ರಿಕೆಯನ್ನು ನಮಗೂ ಹಂಚತೊಡಗಿದರು. ಎರಡನೇ ಬೆಂಚಿಗೆ ಬರುವಷ್ಟರಲ್ಲಿ ಗಂಡಸರಿಗೆಲ್ಲ ತ್ರೀ ಫೇಸ್ ಕರೆಂಟಿನ ನೆನಪಾಯಿತು. ಮೋಟಾರು ಹಾಕಬೇಕು ಅಂತ ಒಬ್ಬರ ಹಿಂದೆ ಒಬ್ಬರು ಎದ್ದರು. ಅಧ್ಯಕ್ಷರಿಗೆ ಜಮೀನೇ ಇಲ್ಲ, ಅವರೂ ಎದ್ದರು. ಗೋಡೆಯ ಕಡೆ ಸಿಕ್ಕಿಹಾಕಿಕೊಂಡಿದ್ದ ನಾನು, ಮೊಮ್ಮಗಳಿಗಾಗಿ ಬಂದಿದ್ದ ಕೊಬ್ಬರಿ ಸಾಹುಕಾರರು, ಇಬ್ಬರು ತಾತಂದಿರು ಉಳಿದೆವು. ತಾಯಂದಿರು ಯಾರೂ ಏಳಲಿಲ್ಲ. ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವ ಹೆಂಗಸರು ಬಡ್ಡಿಯ ಲೆಕ್ಕವನ್ನು ಪೆನ್ನು ತೆಗೆಯುವ ಮೊದಲೇ ಬಾಯಲ್ಲಿ ಹೇಳಿ ಮುಗಿಸಿದರು.

ನನ್ನ ಪಾಲಿಗೆ 17ನ್ನು 6ರಿಂದ ಗುಣಿಸುವ ಲೆಕ್ಕ ಬಂತು. 102 ಎಂದು ಬರೆದೆ. ಉತ್ತರ ಸರಿ ಇತ್ತು, ಅದನ್ನು ದಯವಿಟ್ಟು ಗಮನಿಸಬೇಕು. ಮೇಷ್ಟ್ರು ನನ್ನ ಹಾಳೆ ನೋಡಿದರು, ನನ್ನನ್ನು ನೋಡಿದರು, ಒಂದು ಮಾತೂ ಆಡದೆ ಆಚೆ ಸಾಲಿಗೆ, ನನ್ನ ಹೆಂಡತಿಯ ಬೆಂಚಿನ ಹತ್ತಿರ ಹೋದರು.

“ಸಿಂಚನ ಅಮ್ಮಾ, ಒಂದು ಸಣ್ಣ ವಿಷ್ಯ. ಯಜಮಾನ್ರು ಉತ್ತರ ಸರಿಯಾಗಿ ಬರೆದಿದ್ದಾರೆ. ಆದ್ರೆ ಡೆಸ್ಕ್ ಕೆಳಗೆ ಬೆರಳು ಎಣಿಸ್ತಿದ್ರು. ಬೆರಳು ಎಣಿಸೋದು ತಪ್ಪಲ್ಲ. ಮೇಲೇ ಇಟ್ಕೊಂಡು ಎಣಿಸ್ಬಹುದು, ನಾಚಿಕೆ ಬೇಡ ಅಂತ ಮನೇಲಿ ನಿಧಾನವಾಗಿ ಹೇಳಿ.”

ಅವಳು ತನ್ನ ಹಾಳೆಯಿಂದ ತಲೆ ಎತ್ತಲಿಲ್ಲ. “ಅದಿರ್ಲಿ ಮೇಷ್ಟ್ರೇ,” ಅಂದಳು, “ಗಲಾಟೆ ಗಿಲಾಟೆ ಏನೂ ಮಾಡ್ಲಿಲ್ಲ ತಾನೇ?”