ನೀಲಮೇಘಶ್ಯಾಮ ಪಾನಕ

ನೆಂಟರಿಷ್ಟರಲ್ಲಿ ಷಡ್ಡಕನಷ್ಟು ನಾಜೂಕಿನ ನೆಂಟ ಇನ್ನೊಬ್ಬನಿಲ್ಲ. ಅಣ್ಣತಮ್ಮಂದಿರ ಜೊತೆ ಜಗಳ ಕಾಯಬಹುದು, ಭಾವಮೈದುನನನ್ನು ಗೇಲಿ ಮಾಡಬಹುದು. ಷಡ್ಡಕನನ್ನು ಮಾತ್ರ ಏನೂ ಮಾಡುವಂತಿಲ್ಲ. ಅವನ ಸಂಬಳ, ಅವನ ಸೈಟು, ಅವನ ಸೊಂಟದ ಸುತ್ತಳತೆ ಎಲ್ಲವೂ ನಮ್ಮ ಮನೆಯಲ್ಲಿ ನಮ್ಮನ್ನು ಅಳೆಯುವ ಕೋಲಾಗಿರುತ್ತವೆ. ಅಂಥ ಷಡ್ಡಕ ಬ್ಯಾಂಕಿನಿಂದ ನಿವೃತ್ತನಾಗಿ, ಕೈಗೆ ಬೇರೆ ಕೆಲಸವಿಲ್ಲದೆ ಆಂಟಿಆಕ್ಸಿಡೆಂಟ್ ಹಿಡಿದುಕೊಂಡರೆ ಏನಾಗುತ್ತದೆಂದು ಬಲ್ಲವರೇ ಬಲ್ಲರು.

ಈ ಜಾತಿಯವರನ್ನು ಗುರುತಿಸುವುದು ಸುಲಭ. ಬೆಳಗಿನ ವಾಕಿಂಗ್ ಮುಗಿಸಿ ಹಾಪ್‌ಕಾಮ್ಸ್ ಮಳಿಗೆಯ ಮುಂದೆ ನಿಂತು ಹಣ್ಣಿನ ಬೆಲೆಯ ಬದಲು ಬಣ್ಣ ವಿಚಾರಿಸುತ್ತಿರುತ್ತಾರೆ. ನಾವು ದಾಳಿಂಬೆ ಕೊಂಡರೆ ಅವರು ಪಾಲಿಫಿನಾಲ್ ಕೊಳ್ಳುತ್ತಾರೆ. ನಾವು ಸೀಬೆ ತಿಂದರೆ ಅವರು ಲೈಕೋಪೀನ್ ತಿನ್ನುತ್ತಾರೆ. ಅದೂ ಒಳಗೆ ಕೆಂಪಗಿರುವ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಕಿರಣ್’ ತಳಿಯೇ ಆಗಬೇಕು. ಮದುವೆಮನೆಯಲ್ಲಿ ಫ್ರೂಟ್ ಸಲಾಡ್ ಬಂದರೆ ಚಮಚದ ತುದಿಯಿಂದ ಕಸ್ಟರ್ಡನ್ನು ಪಕ್ಕಕ್ಕೆ ಸರಿಸಿ, ಕಾಮನಬಿಲ್ಲಿನಲ್ಲಿ ಯಾವ ಬಣ್ಣ ಕಡಿಮೆ ಬಿತ್ತೆಂದು ಲೆಕ್ಕ ಹಾಕುತ್ತಾರೆ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದರೆ, ಬಾಳೆಹಣ್ಣು ತಂದ ಉಳಿದ ನೆಂಟರ ಮೇಲೆ ಅವರಿಗೆ ಬರುವ ಕನಿಕರ ಮಂಚದ ಮೇಲೆ ಮಲಗಿದವನ ಮೇಲೂ ಬರುವುದಿಲ್ಲ.

ನಮ್ಮ ಷಡ್ಡಕರ ಬಳಿ ಒಂದು ಪ್ರಾತ್ಯಕ್ಷಿಕೆಯೂ ಇದೆ. ಸೇಬನ್ನು ಎರಡು ಹೋಳು ಮಾಡಿ, ಒಂದಕ್ಕೆ ನಿಂಬೆರಸ ಸವರಿ, ಟೀಪಾಯಿಯ ಮೇಲಿಟ್ಟು ಸುಮ್ಮನೆ ಕೂರುತ್ತಾರೆ. ನಾವೂ ಕೂರಬೇಕು. ಸ್ವಲ್ಪ ಹೊತ್ತಿಗೆ ನಿಂಬೆ ಕಾಣದ ಹೋಳು ಕಂದುಬಣ್ಣಕ್ಕೆ ತಿರುಗುತ್ತದೆ. “ನೋಡಿ, ನಿಮ್ಮೊಳಗೂ ಈಗ ಇದೇ ನಡೀತಿದೆ” ಎಂದು ನನ್ನ ಹೊಟ್ಟೆಯ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿಂದ ಫ್ರೀ ರ್‍ಯಾಡಿಕಲ್ಲುಗಳ ಕಥೆ. ಡೆನ್ಹಮ್ ಹಾರ್ಮನ್ ಎಂಬ ಅಮೆರಿಕದ ವಿಜ್ಞಾನಿ 1956ರಲ್ಲಿ, ಮನುಷ್ಯನಿಗೆ ಮುಪ್ಪು ಬರುವುದಕ್ಕೆ ಇವುಗಳೇ ಕಾರಣವೆಂದು ಮಂಡಿಸಿದ ವಾದವನ್ನು ಷಡ್ಡಕರು ತಾವೇ ಪಕ್ಕದಲ್ಲಿ ನಿಂತು ಕೇಳಿದಂತೆ ಹೇಳುತ್ತಾರೆ. ಬದನೆಕಾಯಿ ಹೆಚ್ಚಿದ ಕೂಡಲೇ ನೀರಿಗೆ ಹಾಕುವ ನನ್ನ ಹೆಂಡತಿ ಇಷ್ಟೇ ವಿಜ್ಞಾನವನ್ನು ದಿನಾ ಉಪನ್ಯಾಸವಿಲ್ಲದೆ ನಡೆಸುತ್ತಿದ್ದಾಳೆ. ಆದರೆ ಅಕ್ಕನ ಗಂಡ ಹೇಳುವಾಗ ಅವಳೂ ಕಣ್ಣರಳಿಸಿ ಕೇಳುತ್ತಾಳೆ.

ನಾನೂ ಬಿಡುವವನಲ್ಲ. ಓದಿಕೊಂಡು ಹೋಗಿ ಒಂದು ದಿನ ಹೇಳಿದೆ: ಸೇಬಿನಲ್ಲಿ ಹಾಗೆ ಕಂದಾಗುವುದು ಬೇರಾವುದೋ ಕೊಳಕಲ್ಲ, ನೀವು ಹೊಗಳುವ ಪಾಲಿಫಿನಾಲೇ. ಚಾಕು ತಗುಲಿ ಜೀವಕೋಶ ಒಡೆದಾಗ ಹಣ್ಣಿನದೇ ಒಂದು ಕಿಣ್ವ ಗಾಳಿಯ ಆಮ್ಲಜನಕವನ್ನು ಅದಕ್ಕೆ ಸೇರಿಸುತ್ತದೆ, ಅಷ್ಟೆ. ಷಡ್ಡಕರು ತಲೆದೂಗಿ “ಅದೇ ನಾನು ಹೇಳಿದ್ದು” ಎಂದರು.

ಎದುರಾಳಿಯ ಬಾಣವನ್ನು ತಮ್ಮ ಬತ್ತಳಿಕೆಗೇ ಹಾಕಿಕೊಳ್ಳುವುದು ಈ ಜಾತಿಯ ಇನ್ನೊಂದು ಲಕ್ಷಣ. ಅವರ ಮನೆಯ ಫ್ರಿಜ್ಜಿನ ಬಾಗಿಲಿಗೆ ಓರ್‍ಯಾಕ್ ಅಂಕಗಳ ಒಂದು ಪಟ್ಟಿ ಲ್ಯಾಮಿನೇಟ್ ಆಗಿ ಅಂಟಿತ್ತು. ಯಾವ ಹಣ್ಣಿಗೆ ಎಷ್ಟು ಆಂಟಿಆಕ್ಸಿಡೆಂಟ್ ಶಕ್ತಿ ಎಂಬ ಜಾತಕ ಅದು. ಬ್ಲೂಬೆರ್ರಿಗೆ ಗುರುಬಲ, ನಮ್ಮ ಬಡ ಕಲ್ಲಂಗಡಿಗೆ ಶನಿ. ಆ ಪಟ್ಟಿ ತಯಾರಿಸಿದ ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತೆಂದು ನಾನು ತಿಳಿಸಿದೆ. ಪ್ರನಾಳದೊಳಗಿನ ಅಂಕಕ್ಕೂ ಮನುಷ್ಯನ ಮೈಯೊಳಗೆ ನಡೆಯುವುದಕ್ಕೂ ತಾಳೆಯಿಲ್ಲ, ಕಂಪನಿಗಳು ಮಾತ್ರ ಆ ಅಂಕಗಳನ್ನು ತೋರಿಸಿ ಸರಕು ಮಾರುತ್ತಿವೆ ಎಂಬುದು ಇಲಾಖೆ ಕೊಟ್ಟ ಕಾರಣ. “ತೆಗೆದಿದ್ದಾರೆ ಅಂದಮೇಲೆ ಅದರಲ್ಲಿ ಏನೋ ಇತ್ತು ಅಂತಾಯ್ತಲ್ಲ” ಎಂದರು ಷಡ್ಡಕರು. ಫಿನ್ಲೆಂಡಿನ ಕಥೆಯನ್ನೂ ಹೇಳಿ ನೋಡಿದೆ. ಅಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿಗಳನ್ನು ಪಂಗಡ ಮಾಡಿ, ಕೆಲವರಿಗೆ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚೇ ಇತ್ತು.

“ಅದು ಮಾತ್ರೆ. ನಾನು ಹೇಳ್ತಿರೋದು ಹಣ್ಣು.”

ಇಲ್ಲೇ ನನಗೆ ಮೈ ಉರಿಯುವುದು, ಯಾಕೆಂದರೆ ಈ ಮಾತು ಸರಿಯಿದೆ. ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರ ಆರೋಗ್ಯ ಒಟ್ಟಾರೆ ಉತ್ತಮವೆಂದು ಎಲ್ಲ ದೇಶದ ವೈದ್ಯರೂ ಒಪ್ಪುತ್ತಾರೆ; ಅದರಿಂದ ಒಂದೊಂದೇ ಸತ್ವವನ್ನು ಹಿಂಡಿ ಗುಳಿಗೆ ಮಾಡಿದಾಗ ಆ ಪುಣ್ಯ ಕೈಗೆ ಹತ್ತುವುದಿಲ್ಲ. ಆದರೆ ಇಷ್ಟು ಸರಿಯಾಗಿ ಹೇಳಿದ ಮನುಷ್ಯ ಮರುಕ್ಷಣ ಎದ್ದುಹೋಗಿ ಆರು ಕಿತ್ತಳೆ ಹಿಂಡಿ, ನಾರೆಲ್ಲ ಸೋಸಿ ಕಸಕ್ಕೆ ಹಾಕಿ, ಬರೀ ರಸ ತಂದು ಮುಂದಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹಣ್ಣಿನ ರಸದ ಸಕ್ಕರೆಯನ್ನು ಬಟ್ಟಲಿಗೆ ಸುರಿದುಕೊಂಡ ಸಕ್ಕರೆಯ ಸಾಲಿಗೇ ಸೇರಿಸಿದೆ. ದೊಡ್ಡ ಲೋಟ ಕಿತ್ತಳೆ ರಸದಲ್ಲಿ ಸುಮಾರು 20 ಗ್ರಾಂ ಸಕ್ಕರೆ. ಇದನ್ನು ಹೇಳಿದರೆ “ನ್ಯಾಚುರಲ್ ಸಕ್ಕರೆ” ಎಂಬ ಉತ್ತರ ಸಿದ್ಧ. ಪೆಟ್ಟಿಗೆಯ ಜ್ಯೂಸಿನ ಮೇಲೆ ‘ನೂರಕ್ಕೆ ನೂರು ಹಣ್ಣು’ ಎಂದು ಅಚ್ಚು ಹಾಕಬೇಡಿರೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಆದೇಶ ಹೊರಡಿಸಿದಾಗ ಮಾತ್ರ ಷಡ್ಡಕರು ಪೇಪರು ಹಿಡಿದು ನಮ್ಮ ಮನೆಗೇ ಬಂದರು. ಅದೇ ಅವರು ಹೇಳಿದ್ದಂತೆ.

ನನ್ನ ಆತ್ಮರಕ್ಷಣೆಗೆ ಉಳಿದದ್ದು ಕಾಫಿ. ಕಾಫಿಯಲ್ಲಿ ಕ್ಲೋರೋಜೆನಿಕ್ ಆಮ್ಲವೆಂಬ ಪಾಲಿಫಿನಾಲ್ ದಂಡಿಯಾಗಿದೆ, ಸೇಬಿನಲ್ಲಿ ಕಂದಾಗುವವುಗಳಲ್ಲಿ ಅದೂ ಒಂದು. ಎಷ್ಟೋ ದೇಶಗಳ ಜನಕ್ಕೆ ಆಂಟಿಆಕ್ಸಿಡೆಂಟಿನ ದೊಡ್ಡ ಪಾಲು ಸಿಗುವುದೇ ಕಾಫಿಯಿಂದ. ಈ ಸಂಗತಿ ಗೊತ್ತಾದ ದಿನ ನಾನು ಎರಡು ಲೋಟ ಹೆಚ್ಚಿಗೆ ಕುಡಿದೆ, ಔಷಧಿಯೆಂದು ಹೇಳಿಕೊಂಡು. ನಿದ್ದೆ ಬರಲಿಲ್ಲ. ಅಲ್ಲಿಗೆ ನಾನೂ ಅದೇ ಜಾತಿಗೆ ಸೇರಿದವನೆಂಬ ಅನುಮಾನ ಹೆಂಡತಿಗೆ ಬಂದಿದೆ. ಅವಳ ಪ್ರಕಾರ ಷಡ್ಡಕರಿಗೂ ನನಗೂ ಇರುವ ವ್ಯತ್ಯಾಸ ಅವರು ಇನ್ನೊಬ್ಬರಿಗೂ ಕೊಡುತ್ತಾರೆ ಎಂಬುದು.

ಕೊಡುವುದರಲ್ಲಿ ಒಮ್ಮೆ ಅನಾಹುತವೇ ಆಗುವುದರಲ್ಲಿತ್ತು. ನಮ್ಮಿಬ್ಬರಿಗೂ ಸೇರಿದ ಮಾವನವರಿಗೆ ಮೂತ್ರಪಿಂಡ ಸೋತಿದೆ. ಷಡ್ಡಕರು ಪ್ರೀತಿಯಿಂದ ಧಾರೆಹುಳಿಯ ರಸ ಮಾಡಿ ತಂದಿದ್ದರು. ಐದು ಏಣಿನ ಆ ನಕ್ಷತ್ರ ಹಣ್ಣು ನಮಗೆ ನಿಮಗೆ ರುಚಿ. ಕಿಡ್ನಿ ಕೆಲಸ ಮಾಡದವರಿಗೆ ಮಾತ್ರ ಅದರಲ್ಲಿರುವ ವಿಷ ಮೈಯಿಂದ ಹೊರಗೆ ಹೋಗದೆ ಮಿದುಳಿಗೇರಿ, ಬಿಕ್ಕಳಿಕೆಯಿಂದ ಶುರುವಾಗಿ ಪ್ರಾಣಕ್ಕೇ ಕುತ್ತು ತರಬಲ್ಲದು. ನಾನು ಲೋಟ ಕಸಿದುಕೊಂಡೆ. ಷಡ್ಡಕರು ಜಗಳವಾಡಲಿಲ್ಲ, ‘ಅದೇ ನಾನು ಹೇಳಿದ್ದು’ ಎನ್ನಲೂ ಇಲ್ಲ. ಚಪ್ಪಲಿ ಮೆಟ್ಟಿ ಹೊರಟುಹೋದರು. ಮುಂದಿನ ಬಾರಿ ಬಂದಾಗ ಯಾವ ಹಣ್ಣಿನಲ್ಲಿ ಎಷ್ಟು ಪೊಟ್ಯಾಸಿಯಂ ಎಂಬ ಪಟ್ಟಿ ಕೈಯಲ್ಲಿತ್ತು, ವೈದ್ಯರ ಹತ್ತಿರ ಕೂತು ತಿದ್ದಿಸಿದ್ದು. ಈಗ ಅವರ ಫ್ರಿಜ್ಜಿನ ಬಾಗಿಲ ಮೇಲೆ ಓರ್‍ಯಾಕ್ ಇದ್ದ ಜಾಗದಲ್ಲಿ ಅದಿದೆ.

ಇನ್ನು ರಾಮನವಮಿಯ ಸಂಗತಿ. ನಮ್ಮ ಬೀದಿಯ ಗುಡಿಯಲ್ಲಿ ಬೆಲ್ಲ, ಶುಂಠಿ, ಏಲಕ್ಕಿ, ಮೆಣಸಿನ ಪಾನಕ, ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ. ಅದಕ್ಕಿಂತ ಆಚೆ ಯಾರೂ ಯೋಚಿಸಿದವರಲ್ಲ. ಹಿಂದಿನ ಸಂಜೆ ನಮ್ಮ ಮನೆಗೆ ಬಂದಿದ್ದ ಷಡ್ಡಕರು ಗುಡಿಯ ಸಮಿತಿಯವರ ಜೊತೆ ಮಾತಿಗೆ ನಿಂತವರು, ತಿರುಗಿ ಬರುವಾಗ ಪಾನಕದ ಜವಾಬ್ದಾರಿ ಹೊತ್ತು ಬಂದಿದ್ದರು. ಬಿಟ್ಟಿ ಕೆಲಸಕ್ಕೆ ಬರುವವರನ್ನು ಯಾವ ಸಮಿತಿ ತಾನೇ ಬೇಡ ಎನ್ನುತ್ತದೆ?

ರಾತ್ರಿಯಿಡೀ ಒಣ ಮುರುಗಲು ಸಿಪ್ಪೆ ನೆನೆಯಿತು. ಅದಕ್ಕೆ ದೊಡ್ಡಬಳ್ಳಾಪುರದ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯ ರಸ ಬಿತ್ತು, ಸಿಪ್ಪೆಯ ಸಮೇತ ಕಿವುಚಿದ್ದು. ದುಬಾರಿ ಡ್ರ್ಯಾಗನ್ ಹಣ್ಣು ಹೆಚ್ಚಿ ನೋಡಿದರೆ ಒಳಗೆ ಬೆಳ್ಳಗೆ, ಬಣ್ಣವೆಲ್ಲ ಬುಟ್ಟಿಗೆ ಬಿದ್ದ ಸಿಪ್ಪೆಯಲ್ಲೇ ಉಳಿಯಿತು. ಮೇಲೆ ಚಿಯಾ ಬೀಜ ಸುರಿದರು. ಅದು ಉಬ್ಬಿ ಕಪ್ಪೆಮೊಟ್ಟೆಯಂತೆ ತೇಲತೊಡಗಿತು. ಬೆಲ್ಲ ಮಾತ್ರ ಅರ್ಧಕ್ಕರ್ಧ ಕಡಿತ. ಬೆಳಗ್ಗೆ ಡ್ರಮ್ಮಿನ ಮುಚ್ಚಳ ತೆಗೆದಾಗ ಒಳಗೆ ಮಾಣಿಕ್ಯದ ಬಣ್ಣ. ನೋಡಲು ಸೊಗಸೇ. ದೇವಸ್ಥಾನದ ಬಾಗಿಲಲ್ಲಿ ಇದನ್ನು ಹಂಚಿದರೆ ಜನ ಏನೆಂದುಕೊಂಡಾರು ಎಂದು ಅಧ್ಯಕ್ಷರು ಸ್ವಲ್ಪ ಅನುಮಾನಿಸಿದರು. ಮೊದಲ ಲೋಟ ಅವರಿಗೇ ಕೊಡಲಾಯಿತು. ಅಧ್ಯಕ್ಷರ ಮುಖದ ಎಲ್ಲ ಭಾಗಗಳೂ ಮೂಗಿನ ಕಡೆಗೆ ಓಡಿದವು.

“ಹುಳಿ” ಎಂದರು, ಮಾತು ಬಂದ ಮೇಲೆ.

ಬೆಲ್ಲ ಹಾಕೋಣ ಎಂದು ನಾಲ್ಕಾರು ಜನ ಹೇಳಿದರು. ಷಡ್ಡಕರು ಕೇಳಲಿಲ್ಲ. ಹುಳಿಗೆ ಸಿಹಿ ಮದ್ದಲ್ಲ, ಕ್ಷಾರ ಮದ್ದು ಎಂದು ಘೋಷಿಸಿ, ಪ್ರಸಾದದ ಅಡುಗೆಯವನ ಹತ್ತಿರ ಅಡುಗೆ ಸೋಡಾ ಇಸಿದುಕೊಂಡು ಒಂದು ಹಿಡಿ ಎಸೆದರು. ನೊರೆ ಡ್ರಮ್ಮಿನ ಅಂಚು ಮೀರಿ ಉಕ್ಕಿತು. ನೊರೆ ಇಳಿಯುತ್ತಿದ್ದಂತೆ ಮಾಣಿಕ್ಯ ನೇರಳೆಯಾಯಿತು. ಇನ್ನೂ ಸ್ವಲ್ಪ ಸೋಡಾ ಬಿತ್ತು. ನೇರಳೆ ಹೋಗಿ, ಮಳೆಗಾಲದ ಸಂಜೆಯ ಆಕಾಶಕ್ಕೆ ಇರುವಂಥ ಬೂದಿಗಪ್ಪಿನ ನೀಲಿ ಬಂತು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಲೋಟ ಹಿಂದಕ್ಕೆಳೆದುಕೊಂಡರು. ಷಡ್ಡಕರು ನನ್ನ ಮುಖ ನೋಡಿದರು. ಇಷ್ಟು ವರ್ಷ ನಾನು ಕಾಯುತ್ತಿದ್ದ ಗಳಿಗೆ ಇದೇ, ಆದರೆ ಹೇಳಲು ಏನೂ ತೋಚಲಿಲ್ಲ.

ಕಾಪಾಡಿದವರು ಅರ್ಚಕರು. ಮಂಗಳಾರತಿ ತಟ್ಟೆ ಹಿಡಿದು ಹೊರಗೆ ಬಂದವರು ಡ್ರಮ್ಮಿಗೊಮ್ಮೆ ಇಣುಕಿ, “ನೀಲಮೇಘಶ್ಯಾಮ! ಸ್ವಾಮಿಯ ಬಣ್ಣವೇ ಬಂದಿದೆಯಲ್ಲ” ಎಂದು ಕೈಮುಗಿದುಬಿಟ್ಟರು. ಅಲ್ಲಿಗೆ ಅದು ಪ್ರಸಾದವಾಯಿತು. ಪ್ರಸಾದವನ್ನು ಬೇಡ ಎನ್ನುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗಿದೆ? ಷಡ್ಡಕರಿಗೆ ಜೀವ ಬಂತು. ಆಂಥೋಸಯನಿನ್ ಎಂಬ ವರ್ಣದ್ರವ್ಯ ಹುಳಿಯಲ್ಲಿ ಕೆಂಪಾಗಿ, ಕ್ಷಾರದಲ್ಲಿ ನೀಲಿಯಾಗುವುದನ್ನು ಸಾಲಿನ ಪ್ರತಿಯೊಬ್ಬರಿಗೂ ಸೌಟಿನ ಲೆಕ್ಕದಲ್ಲಿ ಬಡಿಸುತ್ತ ಹೋದರು. ಸೋಡಾ ಬಿದ್ದರೆ ವಿಟಮಿನ್ ಸಿ ಬೇಗ ಹಾಳಾಗುತ್ತದೆಂದು ನಾನು ಹೆಂಡತಿಯ ಕಿವಿಯಲ್ಲಿ ಹೇಳಿದೆ. “ಸುಮ್ನೆ ಕುಡೀರಿ” ಎಂದಳು.

ಅಷ್ಟರಲ್ಲಿ ಯಾವುದೋ ಹುಡುಗ ಕೋಸಂಬರಿಗಿಟ್ಟ ನಿಂಬೆಹೋಳನ್ನು ತನ್ನ ಲೋಟಕ್ಕೆ ಹಿಂಡಿದ. ನೀಲಿ ಪಾನಕ ಕಣ್ಣೆದುರಿಗೇ ಗುಲಾಬಿಯಾಯಿತು. ಮತ್ತೆ ಕೇಳಬೇಕೆ? ಬೀದಿಯ ಮಕ್ಕಳೆಲ್ಲ ನಿಂಬೆಹೋಳು ಹಿಡಿದು ಮುತ್ತಿದವು. ಒಬ್ಬರ ನಾಲಗೆ ಇನ್ನೊಬ್ಬರಿಗೆ ತೋರಿಸಿಕೊಂಡು, ಬಣ್ಣ ಬದಲಾಯಿಸಿಕೊಂಡು ಕುಡಿದದ್ದೇ ಕುಡಿದದ್ದು. ಬೆಲ್ಲದ ಪಾನಕ ಪ್ರತಿವರ್ಷ ಒಂದಿಷ್ಟು ಉಳಿದು ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಈ ಸಲ ಡ್ರಮ್ಮಿನ ತಳ ಕೆರೆಯಬೇಕಾಯಿತು.

ಸಂಜೆ ನಾವಿಬ್ಬರೂ ಗುಡಿಯ ನಲ್ಲಿಯ ಹತ್ತಿರ ಡ್ರಮ್ಮು ತೊಳೆಯುತ್ತಿದ್ದೆವು. ಷಡ್ಡಕರು ಶಿರಸಿ ಕಡೆಯವರು. ಬೇಸಿಗೆಯಲ್ಲಿ ಅವರ ತಾಯಿ ಅಂಗಳದ ತುಂಬ ಮುರುಗಲು ಸಿಪ್ಪೆ ಹರವುತ್ತಿದ್ದರಂತೆ. ಬೀಜ ಕುದಿಸಿ ತುಪ್ಪ ತೆಗೆದು, ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳುತ್ತಿದ್ದರಂತೆ. ಮಕ್ಕಳು ಬೆಟ್ಟದಲ್ಲಿ ಕವಳಿ, ನೇರಳೆ, ಬಿಕ್ಕೆ ಹಣ್ಣು ಹುಡುಕಿಕೊಂಡು ಶಾಲೆ ತಪ್ಪಿಸಿದರೆ ಮಾಸ್ತರು ನಾಲಗೆ ಚಾಚಿಸಿ ಕಳ್ಳರನ್ನು ಹಿಡಿಯುತ್ತಿದ್ದರಂತೆ. ನೌಕರಿ ಸಿಕ್ಕಿ ಊರಿಗೆ ಸ್ನೇಹಿತರನ್ನು ಕರೆದುಕೊಂಡು ಹೋದಾಗ, ತಾಯಿ ಮುರುಗಲು ಪಾನಕ ಕೊಟ್ಟಾರೆಂಬ ನಾಚಿಕೆಗೆ ಇವರು ಪೇಟೆಯಿಂದ ಗೋಲ್ಡ್ ಸ್ಪಾಟ್ ಬಾಟಲಿ ತರುತ್ತಿದ್ದರಂತೆ.

“ಅವಳು ಇದಕ್ಕೆ ಒಳ್ಳೇದು ಅದಕ್ಕೆ ಒಳ್ಳೇದು ಅಂತ ಒಂದು ದಿನ ಹೇಳಿದವಳಲ್ಲ. ಬಿಸಿಲಲ್ಲಿ ಬಂದಿದ್ದೀಯ, ಕುಡಿ ಅನ್ನೋಳು” ಎಂದರು.

ತಾಯಿಗೆ ಆ ಅಧಿಕಾರವಿತ್ತು. ಕುಡಿ ಎಂದರೆ ಕುಡಿಯುತ್ತಿದ್ದರು. ನಿವೃತ್ತನಾದ ಗಂಡಸು ಒಂದು ಲೋಟ ಹಿಡಿದು ಬಂದರೆ ಯಾಕೆ, ಏನು, ಇದರಲ್ಲಿ ಏನಿದೆ ಎಂದು ಮನೆಯೆಲ್ಲ ಕೇಳುತ್ತದೆ. ಮಗ ಮೊಬೈಲಿನಿಂದ ತಲೆಯೆತ್ತುವುದಿಲ್ಲ, ಸೊಸೆ ‘ಆಮೇಲೆ ಕುಡೀತೀನಿ ಇಡಿ ಮಾವ’ ಎನ್ನುತ್ತಾಳೆ. ಅದಕ್ಕೇ ಇರಬೇಕು, ಇವರು ಲೋಟದ ಜೊತೆ ಹಾರ್ಮನ್‌ನನ್ನೂ ಫ್ರೀ ರ್‍ಯಾಡಿಕಲ್ಲುಗಳನ್ನೂ ಸಾಕ್ಷಿಗೆ ಕರೆತರುವುದು. ಜೀವಮಾನವಿಡೀ ವೋಚರ್ ಇಲ್ಲದೆ ಯಾರಿಗೂ ಏನೂ ಕೊಟ್ಟವರಲ್ಲ. ಪ್ರೀತಿಗೂ ಒಂದು ವೋಚರ್ ಲಗತ್ತಿಸುತ್ತಾರೆ. ಹೀಗೆಲ್ಲ ಅನಿಸಿ ಆ ಸಂಜೆ ನನ್ನ ಮನಸ್ಸು ಎಷ್ಟು ಮೆತ್ತಗಾಗಿತ್ತೆಂದರೆ, ನಿಮ್ಮ ಪಾನಕ ಚೆನ್ನಾಗಿತ್ತು ಎಂದುಬಿಟ್ಟೆ.

ಅದರ ಫಲವನ್ನು ಈಗ ಉಣ್ಣುತ್ತಿದ್ದೇನೆ. ಮೊನ್ನೆ ಫೋನು ಮಾಡಿದ್ದರು. ಚಿಕ್ಕಮಗಳೂರಿನ ತೋಟವೊಂದರಿಂದ ಕಾಫಿ ಹಣ್ಣಿನ ಒಣ ಸಿಪ್ಪೆ ತರಿಸಿದ್ದಾರೆ. ಯೆಮೆನ್ ದೇಶದವರು ಅದನ್ನೇ ಶುಂಠಿಯ ಜೊತೆ ಕುದಿಸಿ ಕುಡಿಯುತ್ತಾರೆ, ಬೀಜ ಹುರಿದು ಪುಡಿ ಮಾಡುವ ಗೋಜಿಲ್ಲ. “ನೀವೇ ಹೇಳಿದ್ರಲ್ಲ, ಕಾಫೀಲಿ ಆಂಟಿಆಕ್ಸಿಡೆಂಟ್ ಇದೆ ಅಂತ. ಕಾಫೀನೂ ಹಣ್ಣೇ. ಇನ್ಮೇಲೆ ನಿಮಗೆ ಫಿಲ್ಟರ್ ಬೇಕಾಗಲ್ಲ” ಎಂದರು. ಭಾನುವಾರ ಬೆಳಗ್ಗೆಯೇ ಚೀಲದೊಂದಿಗೆ ಬರುತ್ತಾರಂತೆ. ಮನೆಯಲ್ಲಿ ಅಡುಗೆ ಸೋಡಾ ಇದೆಯೇ ಎಂದು ನನ್ನ ಹೆಂಡತಿಯನ್ನು ಬೇರೆ ವಿಚಾರಿಸಿದ್ದಾರೆ. ಅವಳು ಇದೆ ಎಂದಿದ್ದಾಳೆ.