ಸುಮ್ಮನೆ ನಿಲ್ಲುವುದಕ್ಕೊಂದು ಪರವಾನಗಿ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಒಳಗೊಂಡ, ಮಳೆಗಿಂತ ಮಳೆಯ ಮಾತೇ ಹೆಚ್ಚಾಗಿ ಸುರಿಯುವ ತುಮಕೂರು ಸೀಮೆಯಲ್ಲಿ ಮನುಷ್ಯನಿಗೆ ದುಡಿಯುವ ಹಕ್ಕು, ಅರಳಿಕಟ್ಟೆಯ ಮೇಲೆ ಕೂತು ಹರಟುವ ಹಕ್ಕು, ಮಧ್ಯಾಹ್ನ ಮುದ್ದೆ ಉಂಡು ಮಲಗುವ ಹಕ್ಕು ಇವೆಲ್ಲವೂ ಪರಂಪರೆಯಿಂದ ಬಂದಿದ್ದರೂ, ಒಬ್ಬನೇ, ಬರಿಗೈಯಲ್ಲಿ, ಕಾರಣವಿಲ್ಲದೆ ಒಂದು ಕಡೆ ನಿಲ್ಲುವ ಹಕ್ಕನ್ನು ಮಾತ್ರ ಸಮಾಜ ಯಾರಿಗೂ ಕೊಟ್ಟಂತೆ ಕಾಣುವುದಿಲ್ಲ. ಹಾಗೆ ನಿಂತವರನ್ನು ದಾರಿಹೋಕರು ಮೊದಲು ಬಸ್ಸು ತಪ್ಪಿತೇ ಎಂದೂ, ತಪ್ಪಿಲ್ಲವೆಂದರೆ ಜಮೀನು ನೋಡಲು ಬಂದದ್ದೇ ಎಂದೂ, ಅದೂ ಅಲ್ಲವೆಂದರೆ ತುಸು ದನಿ ತಗ್ಗಿಸಿ ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದೂ ಕ್ರಮವಾಗಿ ವಿಚಾರಿಸುತ್ತಾರೆ; ಮೂರನೆಯ ಪ್ರಶ್ನೆಗೂ ಸಮಾಧಾನಕರವಾದ ಉತ್ತರ ದೊರೆಯದಿದ್ದರೆ, ನಿಂತವರು ಮನೆಗೆ ಮರಳುವ ಮೊದಲೇ ಅವರು ನಿಂತಿದ್ದ ಸುದ್ದಿ ಮನೆ ತಲುಪಿರುತ್ತದೆ. ಅರವತ್ತು ದಾಟಿದ ಗಂಡಸರು ಇದ್ದಕ್ಕಿದ್ದಂತೆ ಕ್ಯಾಮೆರಾ ಹಿಡಿಯುವುದೇಕೆ, ದೇವಾಲಯದ ಸಮಿತಿಗಳಿಗೆ ಸೇರುವುದೇಕೆ ಎಂಬ ಎರಡು ಒಗಟುಗಳನ್ನು ಈ ಸಾಮಾಜಿಕ ಹಿನ್ನೆಲೆಯನ್ನು ಬಿಟ್ಟು ಬಿಡಿಸಲು ಸಾಧ್ಯವಿಲ್ಲ.

ಇಲ್ಲಿ ವಿವೇಚನೆಗೆ ಎತ್ತಿಕೊಂಡಿರುವುದು ಅಂಚೆ ಇಲಾಖೆಯಲ್ಲಿ ಬದುಕು ಸವೆಸಿ, ಕೇಂದ್ರ ಸರ್ಕಾರವು 1998ರಲ್ಲಿ ಐವತ್ತೆಂಟರಿಂದ ಅರವತ್ತಕ್ಕೆ ಏರಿಸಿದ ವಯೋಮಿತಿಯನ್ನು ಪೂರೈಸಿ, ಶಾಲು ಹೊದ್ದು ಹೊರಬಂದ ಕ್ರೈಸ್ತ ಗೃಹಸ್ಥರ ಒಂದು ಮಾದರಿಯೇ ಹೊರತು ಯಾವ ಒಬ್ಬ ವ್ಯಕ್ತಿಯೂ ಅಲ್ಲ. ಹೀಗೆ ಸ್ಪಷ್ಟವಾಗಿ ಹೇಳಿದ ಮೇಲೂ ನಾಲ್ಕಾರು ಮಂದಿ ಇದು ತಮ್ಮನ್ನೇ ಕುರಿತದ್ದೆಂದು ವಾದಿಸುವುದನ್ನು ತಪ್ಪಿಸಲಾಗದು. ಸೇವೆಯಲ್ಲಿದ್ದಷ್ಟು ಕಾಲವೂ ಇಂಥವರು ಯಾರ ಬಾಗಿಲಲ್ಲಿ, ಯಾವ ಮರದ ಕೆಳಗೆ, ಎಷ್ಟು ಹೊತ್ತು ನಿಂತರೂ ಹೆಗಲ ಮೇಲಿನ ಚೀಲವೇ ಅವರ ಪರವಾಗಿ ಉತ್ತರ ಹೇಳುತ್ತಿತ್ತು. ನಿವೃತ್ತಿಯಿಂದ ಆಗುವ ನಷ್ಟವನ್ನು ಸಂಬಳ ಮತ್ತು ಪಿಂಚಣಿಗಳ ನಡುವಣ ವ್ಯತ್ಯಾಸದಿಂದ ಲೆಕ್ಕ ಹಾಕುವುದು ವಾಡಿಕೆಯಾದರೂ, ನಿಜವಾದ ನಷ್ಟವೆಂದರೆ ಆ ಚೀಲ.

ಕ್ಯಾಮೆರಾವು ಚೀಲದ ಜಾಗವನ್ನು ತುಂಬುವ ಕ್ರಮ ಗಮನಾರ್ಹವಾಗಿದೆ. ಬೆಂಗಳೂರಿನ ಮಗನು ತಾನು ಬಳಸದೆ ಇಟ್ಟಿದ್ದ ಉಪಕರಣವನ್ನು ಅಪ್ಪನಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳುವುದರಿಂದ ಈ ಹವ್ಯಾಸ ಆರಂಭವಾಗಿ, ದೂರದ ವಸ್ತುವನ್ನು ಹತ್ತಿರಕ್ಕೆ ತಂದು ತೋರಿಸುವ ಟೆಲಿ ಲೆನ್ಸ್, ಆ ಲೆನ್ಸಿನ ಭಾರಕ್ಕೆ ಅಲುಗುವ ಕೈಗೆ ಆಧಾರವಾಗುವ ಮುಕ್ಕಾಲಿ, ಮುಕ್ಕಾಲಿಯ ಭಾರಕ್ಕೆ ನೋಯುವ ಸೊಂಟಕ್ಕೆ ಬಿಗಿಯುವ ಪಟ್ಟಿ ಇವು ಒಂದರ ಹಿಂದೊಂದು ಬಂದು ಸೇರುತ್ತವೆ. ಕ್ಯಾಮೆರಾ ಹಿಡಿದು ನಿಂತವರನ್ನು ಯಾಕೆ ನಿಂತಿರಿ ಎಂದು ಯಾರೂ ಕೇಳುವುದಿಲ್ಲ. ಆದರೆ ಮುಕ್ಕಾಲಿಯ ವಿಷಯ ಹಾಗಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮುಂತಾದ ಊರುಗಳ ಸುಮಾರು 13,000 ಎಕರೆ ಭೂಮಿಯಲ್ಲಿ, ರೈತರಿಂದ ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಗೆ ಪಡೆದು, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ನಿರ್ಮಿಸಿದಂದಿನಿಂದ, ಮುಕ್ಕಾಲಿ ಹೂಡಿ ಒಂದು ಕಣ್ಣು ಮುಚ್ಚಿ ನೋಡುವ ಪ್ರತಿಯೊಬ್ಬರೂ ಸರ್ವೆಯವರೇ ಎಂಬ ನಂಬಿಕೆ ಸುತ್ತಲಿನ ಸೀಮೆಯಲ್ಲಿ ಹುಟ್ಟಿಕೊಂಡರೆ ಆಶ್ಚರ್ಯವೇನಿಲ್ಲ. ಕಡಲೆಕಾಯಿ ಹೊಲದ ಬದುವಿನಲ್ಲಿ ಗೊರವಂಕಕ್ಕೆ ಗುರಿಯಿಟ್ಟವರ ಹಿಂದೆ ಸದ್ದಿಲ್ಲದೆ ಬಂದು ನಿಂತ ರೈತರು, "ನಮ್ ಹೊಲಾನೂ ಬರುತ್ತಾ ಸಾ? ಎಕ್ರೆಗೆ ಎಷ್ಟು ಕೊಡ್ತಾರಂತೆ?" ಎಂದು ಕೇಳಿದಾಗ ಗೊರವಂಕ ಹಾರಿಹೋಗುತ್ತದೆ, ಇದು ಬರಿಯ ಹಕ್ಕಿಯ ಚಿತ್ರ ಎಂಬ ವಿವರಣೆಯನ್ನು ಕೇಳಿದ ರೈತರು, ಸರ್ಕಾರದವರು ಮೊದಲು ಹೀಗೆಯೇ ಹೇಳುವುದು ಎಂಬ ಅನುಭವದ ನಗೆ ನಗುತ್ತಾರೆ.

ಇದೇ ಸೌರ ಉದ್ಯಾನದ ಕಾರಣದಿಂದ ನಿವೃತ್ತರಿಗೂ ಈ ಸೀಮೆಗೂ ತಾತ್ವಿಕವಾದ ಭಿನ್ನಾಭಿಪ್ರಾಯವೊಂದು ಒದಗಿದೆ. ನಡುಹಗಲಿನ ಸೂರ್ಯನು ಬಣ್ಣಗಳನ್ನು ಸುಟ್ಟು, ಕಣ್ಣಿನ ಕೆಳಗೆ ಕಪ್ಪು ನೆರಳು ಕೆಡವುವುದರಿಂದ ಛಾಯಾಗ್ರಾಹಕರು ಅದನ್ನು ಕೆಟ್ಟ ಬೆಳಕು ಎಂದು ಕರೆದು, ಸೂರ್ಯ ಹುಟ್ಟಿದ ಬಳಿಕದ ಮತ್ತು ಮುಳುಗುವ ಮುಂಚಿನ ಓರೆಬೆಳಕನ್ನಷ್ಟೇ ಒಪ್ಪುತ್ತಾರೆ. ಒಂದು ತಾಲ್ಲೂಕು ಪೂರ್ತಿ ಯಾವ ಬಿಸಿಲನ್ನು ನೆಚ್ಚಿ ಗುತ್ತಿಗೆ ಬರೆದುಕೊಟ್ಟಿದೆಯೋ ಆ ಬಿಸಿಲನ್ನೇ ಪ್ರಯೋಜನಕ್ಕೆ ಬಾರದ್ದೆಂದು ತಿರಸ್ಕರಿಸಿ ಮನೆಗೆ ಹೋಗಿ ಮಲಗುವ ಧೈರ್ಯ ಪಿಂಚಣಿದಾರರಿಗಲ್ಲದೆ ಬೇರೆಯವರಿಗೆ ಬರಲಾರದು.

ಓರೆಬೆಳಕಿನ ಈ ಆರಾಧಕರಿಗೆ ಶಿರಾ ತಾಲ್ಲೂಕಿನ ಕಗ್ಗಲಡು ಒಂದು ಯಾತ್ರಾಸ್ಥಳ. ವರ್ಷದ ಮೊದಲ ತಿಂಗಳುಗಳಲ್ಲಿ ಈ ಊರಿನ ಹುಣಸೆ ಮರಗಳಿಗೆ ಬಣ್ಣದ ಕೊಕ್ಕರೆಗಳು ಬಂದು, ಮನೆಗಳ ನಡುವೆಯೇ ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲದ ನಡುವೆ ಹೊರಟುಹೋಗುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿರುವಂತೆಯೇ ಇಲ್ಲಿಯೂ ಊರವರೇ ಅವುಗಳ ಕಾವಲಿಗಿದ್ದಾರೆ. ಬಿಳಿಯ ಮೈ, ರೆಕ್ಕೆಯ ಮೇಲೆ ಕಪ್ಪು ಪಟ್ಟೆ, ಹಿಂಬದಿಯಲ್ಲಿ ಯಾರೋ ಕುಂಕುಮದ ಕೈ ಒರೆಸಿದ ಹಾಗೆ ಗುಲಾಬಿ ಬಣ್ಣ, ಹಳದಿ ಕೊಕ್ಕು ಇವೆಲ್ಲದರ ಮೇಲೆ ಒಂದೂ ಗರಿಯಿಲ್ಲದ ಬೋಳು ತಲೆ ಇರುವ ಈ ಹಕ್ಕಿಗಳ ಬಗ್ಗೆ ನಿವೃತ್ತರಿಗೆ ವಿಶೇಷ ಆತ್ಮೀಯತೆ ಮೂಡಲು ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬಿಸಿಲೇರಿದಾಗ ತಾಯಿಯೋ ತಂದೆಯೋ ಗೂಡಿನ ಮೇಲೆ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು, ಏನನ್ನೂ ಮಾಡದೆ, ಕದಲದೆ ನಿಂತಿರುತ್ತದೆ. ಬೆಳೆದ ಕೊಕ್ಕರೆಗಳಿಗೆ ಕೂಗುವ ಕಂಠವಿಲ್ಲದ್ದರಿಂದ ಗೂಡಿನ ಬಳಿ ಕೊಕ್ಕು ಬಡಿದು ಟಕಟಕ ಸದ್ದು ಮಾಡುವುದನ್ನು ಬಿಟ್ಟರೆ ಅವು ಮೌನಿಗಳು, ಗಲಾಟೆಯೆಲ್ಲ ಮರಿಗಳದ್ದು. ಮರದ ಮೇಲೊಂದು, ಮರದ ಕೆಳಗೊಬ್ಬರು ಹೀಗೆ ಗಂಟೆಗಟ್ಟಲೆ ಸುಮ್ಮನೆ ನಿಂತು ಪರಸ್ಪರ ನೋಡುತ್ತಿದ್ದರೂ ಊರಿನ ಯಾರೊಬ್ಬರೂ ಕಾರಣ ಕೇಳದಿರುವುದೇ ಕಗ್ಗಲಡಿನ ಹಿರಿಮೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶದಲ್ಲಿ ಇಂಥ ಸಮಾಧಾನವಿಲ್ಲ, ಏಕೆಂದರೆ ಅಲ್ಲಿಯ ಜಿಂಕೆಗಳು ಬಯಲಲ್ಲಿ ದೂರದಿಂದಲೇ ಮನುಷ್ಯನನ್ನು ಗುರುತಿಸಿ, ಅವನು ಲೆನ್ಸಿನ ಮುಚ್ಚಳ ತೆಗೆಯುವಷ್ಟರಲ್ಲಿ ಹಿಂಭಾಗವನ್ನಷ್ಟೇ ಉಳಿಸಿ ನೆಗೆದುಹೋಗುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ ಓಡಿಹೋಗುವುದಿಲ್ಲ, ಆದರೆ ಮಂಡಿಗಳು ಅದನ್ನು ಹತ್ತಲು ಒಪ್ಪುವುದಿಲ್ಲವಾಗಿ ಈ ಸೀಮೆಯ ನಿವೃತ್ತರು ತೆಗೆದ ಬೆಟ್ಟದ ಚಿತ್ರಗಳೆಲ್ಲ ಕೆಳಗಿನಿಂದ, ಒಂದೇ ಕೋನದಿಂದ ತೆಗೆದವು. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿಯೂ ಕಪ್ಪು ಬಿಳುಪಿನ ವನ್ಯಜೀವಿ ಚಿತ್ರಗಳಿಗೆ ಹೆಸರಾಗಿದ್ದರೆಂಬುದನ್ನು ಯಾರಾದರೂ ನೆನಪಿಸಿದರೆ, ಸಚಿವರಿಗೆ ರಜೆ ಮಂಜೂರು ಮಾಡುವ ಮೇಲಧಿಕಾರಿ ಇರಲಿಲ್ಲವಲ್ಲ ಎಂಬುದು ನಿವೃತ್ತರ ಸಿದ್ಧ ಉತ್ತರ.

ಭಾನುವಾರ ಈ ಮುಕ್ಕಾಲಿ ದೇವಾಲಯದ ಮೂಲೆಗೆ ಸ್ಥಳಾಂತರಗೊಳ್ಳುತ್ತದೆ. ತುಮಕೂರು ಸೀಮೆಗೆ ಪ್ರೊಟೆಸ್ಟಂಟ್ ಸಭೆ ಹೊಸದಲ್ಲ. ದಾಗೇರ್ ಎಂಬ ಫ್ರೆಂಚನು ಛಾಯಾಚಿತ್ರದ ವಿಧಾನವನ್ನು ಲೋಕಕ್ಕೆ ತೋರಿದ 1839ರಲ್ಲಿಯೇ ವಿಲಿಯಂ ಆರ್ಥರ್ ಎಂಬ ವೆಸ್ಲಿಯನ್ ಮಿಷನರಿ ಭಾರತಕ್ಕೆ ಬಂದು ಗುಬ್ಬಿಯಲ್ಲಿ ಕೆಲಸ ಮಾಡಿ, ಆರೋಗ್ಯ ಕೆಟ್ಟು 1841ರಲ್ಲಿ ಹಿಂದಿರುಗಿ, 1847ರಲ್ಲಿ ಮೈಸೂರು ಸೀಮೆಯ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದನು. ಮುಂದೆ 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಹೀಗೆ ದೊಡ್ಡ ದೊಡ್ಡವರು ಹಾಕಿದ ಅಡಿಪಾಯದ ಮೇಲೆ ನಿವೃತ್ತರ ಪಾಲಿಗೆ ಬಂದಿರುವುದು ಕಿಟಕಿ ತೆರೆಯುವುದು, ಮೈಕಿನೊಳಗೆ ಊದಿ ನೋಡುವುದು, ಕಾಣಿಕೆಯ ಚಿಲ್ಲರೆ ಎಣಿಸುವುದು ಮತ್ತು ಸುಗ್ಗಿ ಹಬ್ಬದ ಹರಾಜು. ಸುಗ್ಗಿ ಹಬ್ಬವೆಂದರೆ ಸಭೆಯವರು ತಮ್ಮ ಹೊಲ, ಹಿತ್ತಿಲುಗಳ ಮೊದಲ ಫಲವನ್ನು ತಂದೊಪ್ಪಿಸಿ, ಆರಾಧನೆಯ ಬಳಿಕ ಅದನ್ನು ಹರಾಜು ಹಾಕಿ ಹಣವನ್ನು ಸಭೆಗೆ ಸೇರಿಸುವ ದಿನ. ತಾವೇ ತಂದ ಕುಂಬಳಕಾಯಿಯನ್ನು ತಾವೇ ಪೇಟೆಯ ನಾಲ್ಕರಷ್ಟು ಬೆಲೆಗೆ ಕೂಗಿ ಮನೆಗೆ ಒಯ್ಯುವ ಭಕ್ತರೂ, ಹುಂಜ ತನ್ನ ಹರಾಜಿನ ನಡುವೆ ಕಟ್ಟು ಬಿಚ್ಚಿಕೊಂಡು ಬಲಿಪೀಠದತ್ತ ಓಡಿದಾಗ ಅದನ್ನು ಹಿಡಿಯಬೇಕೋ ಚಿತ್ರ ತೆಗೆಯಬೇಕೋ ತಿಳಿಯದೆ ನಿಂತ ಸ್ವಯಂಸೇವಕರೂ ಸೇರಿದ ಆ ಮಧ್ಯಾಹ್ನವು ಅರ್ಥಶಾಸ್ತ್ರದ ಯಾವ ಸೂತ್ರಕ್ಕೂ ಒಗ್ಗುವುದಿಲ್ಲ.

ಹವ್ಯಾಸ ಮತ್ತು ಸೇವೆ ಎರಡೂ ಒಂದೇ ಮೇಜಿನ ಮೇಲೆ ಬಂದಾಗ ಸಮಿತಿಗಳಲ್ಲಿ ಏಳುವ ಚರ್ಚೆಗಳಿಗೆ ಕ್ಯಾಲೆಂಡರಿನ ಪ್ರಸಂಗ ತಕ್ಕ ಉದಾಹರಣೆ. ಸತ್ಯವೇದದ 104ನೆಯ ಕೀರ್ತನೆಯಲ್ಲಿ ಕೊಕ್ಕರೆಯೂ ಅದು ವಾಸಿಸುವ ಮರವೂ ಉಲ್ಲೇಖಗೊಂಡಿರುವುದರಿಂದ, ಸಭೆಯ ಕ್ಯಾಲೆಂಡರಿಗೆ ಕಗ್ಗಲಡಿನ ಕೊಕ್ಕರೆಯ ಚಿತ್ರಕ್ಕಿಂತ ಉಚಿತವಾದದ್ದಿಲ್ಲವೆಂದು ನಿವೃತ್ತರು ಸೂಚಿಸಿದರೆ, ಆ ಕೀರ್ತನೆಯ ಮರ ಹುಣಸೆಯಲ್ಲವೆಂದು ಒಬ್ಬ ಸದಸ್ಯರು ಆಕ್ಷೇಪಿಸುತ್ತಾರೆ. ಹುಣಸೆ ಮರದಲ್ಲಿ ದೆವ್ವವಿರುವುದು ಇಡೀ ತಾಲ್ಲೂಕಿಗೆ ಗೊತ್ತಿರುವ ಸಂಗತಿಯಾದ್ದರಿಂದ ಅಂಥ ಮರವನ್ನು ಹನ್ನೆರಡು ತಿಂಗಳು ಮನೆಯ ಗೋಡೆಗೆ ತೂಗುಹಾಕುವುದು ಸರಿಯೇ ಎಂದು ಎರಡನೆಯವರು ಕೇಳುತ್ತಾರೆ. ಸಭಾಪಾಲಕರು, ಅಂದರೆ ಸಭೆಯ ಆರಾಧನೆ ಮತ್ತು ಆಡಳಿತಗಳ ಹೊಣೆ ಹೊತ್ತ ಪಾದ್ರಿಗಳು, ದೆವ್ವದ ಅಸ್ತಿತ್ವವನ್ನು ಒಪ್ಪಲೂ ಆಗದೆ ಸಮಿತಿಯನ್ನು ಎದುರು ಹಾಕಿಕೊಳ್ಳಲೂ ಆಗದೆ ಮಧುಗಿರಿ ಬೆಟ್ಟದ ಚಿತ್ರವನ್ನು ಸೂಚಿಸುತ್ತಾರೆ. ಕೆಳಗಿನಿಂದ ತೆಗೆದದ್ದು.

ಆರಾಧನೆಗೆ ಒಂದು ಗಂಟೆ ಮೊದಲೇ ಬಂದು ಬೀಗ ತೆಗೆಯುವವರಿಗೆ ದೊರೆಯುವ ಲಾಭವೊಂದಿದೆ. ಹಿಂದಿನ ಬೆಂಚಿನಲ್ಲಿ ಕೂತರೆ ನೋಡಿದವರೆಲ್ಲ ಪ್ರಾರ್ಥನೆಯೆಂದು ಭಾವಿಸಿ ಚಪ್ಪಲಿಯ ಸದ್ದನ್ನೂ ತಗ್ಗಿಸುತ್ತಾರೆಯೇ ಹೊರತು, ಅಲ್ಲಿ ನಡೆಯುತ್ತಿರುವುದು ಹಳೆಯ ಬಟವಾಡೆಗಳ ಲೆಕ್ಕ ಎಂದು ಯಾರೂ ಊಹಿಸುವುದಿಲ್ಲ. 2013ರ ಜುಲೈನಲ್ಲಿ ತಂತಿ ಸೇವೆ ನಿಲ್ಲುವವರೆಗೆ, ಅದರಲ್ಲೂ ದೂರವಾಣಿ ಹಳ್ಳಿಗಳಿಗೆ ಬರುವ ಮುನ್ನ, ತಂತಿ ಬಂತೆಂದರೆ ಒಕ್ಕಣೆಯನ್ನು ಓದುವ ಮೊದಲೇ ಮನೆಯ ಹೆಂಗಸರು ಅಳಲಾರಂಭಿಸುತ್ತಿದ್ದರು; ಕೆಲಸ ಸಿಕ್ಕಿದೆ ಎಂಬ ತಂತಿಗೂ ಹಾಗೆಯೇ ಅತ್ತ ಮನೆಗಳಿದ್ದವು. ಅತ್ತು ಮುಗಿಯುವವರೆಗೆ ಜಗುಲಿಯ ಮೇಲೆ ಕಾಯುತ್ತಿದ್ದ ಹೊತ್ತುಗಳಿಗೆ ಕಚೇರಿಯ ವಹಿಯಲ್ಲಿ ಅಂಕಣವಿರಲಿಲ್ಲ. ಅವೆಲ್ಲ ಖಾಲಿ ಬೆಂಚುಗಳ ನಡುವೆ ಒಂದೊಂದಾಗಿ ನೆನಪಿಗೆ ಬರುತ್ತವೆ, ಗಂಟೆ ಹೊಡೆಯುವ ಹೊತ್ತಾಗುತ್ತದೆ. ಮುಂದೆ ಸಭೆ ಕೂಡಿ ಎಲ್ಲರೂ ಕಣ್ಣು ಮುಚ್ಚಿದಾಗ, ಚಿತ್ರ ತೆಗೆಯುವ ಹೊಣೆಯ ನಿಮಿತ್ತ ಕಣ್ಣು ತೆರೆದಿರುವ ಅಧಿಕಾರ ಇವರೊಬ್ಬರಿಗೆ ಇರುವುದರಿಂದ, ಇನ್ನು ಯಾರು ಯಾರು ಕಣ್ಣು ತೆರೆದಿದ್ದಾರೆಂಬುದು ಇವರಿಗೆ ಮಾತ್ರ ಗೊತ್ತಿರುತ್ತದೆ.

ಸಭೆಯ ಹಿರಿಯರು ಇತ್ತೀಚೆಗೆ ಇವರಲ್ಲಿ ಬೇರೊಂದು ಸೇವೆಯನ್ನೂ ಬಯಸತೊಡಗಿದ್ದಾರೆ. ತೀರಿಕೊಂಡವರ ಚಿತ್ರವನ್ನು ಆತುರದಲ್ಲಿ ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ, ಪಕ್ಕದವರ ಅರ್ಧ ಭುಜದೊಡನೆ ಫ್ಲೆಕ್ಸಿಗೆ ಏರಿಸುವ ಪದ್ಧತಿಯನ್ನು ಕಂಡು ಬೇಸತ್ತ ಈ ದೂರದರ್ಶಿಗಳು ತಲೆ ಬಾಚಿ, ಇಸ್ತ್ರಿಯ ಅಂಗಿ ತೊಟ್ಟು, ಆ ಕೆಲಸಕ್ಕೆ ಆಗುವಂಥದ್ದೊಂದನ್ನು ಈಗಲೇ ತೆಗೆದಿಡಿ ಎಂದು ಬಂದು ಕೂರುತ್ತಾರೆ. ಕಷ್ಟ ಆರಂಭವಾಗುವುದು ಚಿತ್ರ ತೋರಿಸಿದ ಮೇಲೆ, ಏಕೆಂದರೆ ತುಸು ಗಂಭೀರವಾಗಿದ್ದರೆ ಈಗಾಗಲೇ ಸತ್ತವರಂತಿದೆ ಎಂದೂ, ನಕ್ಕಿದ್ದರೆ ಸತ್ತ ಮೇಲೆ ಹೀಗೆ ನಗುವುದು ಚೆನ್ನಾಗಿರುವುದಿಲ್ಲವೆಂದೂ ಅವರು ತಕರಾರು ತೆಗೆಯುತ್ತಾರೆ.

ನವೆಂಬರ್ ಬಂದಾಗ ಪಾತ್ರಗಳು ಅದಲುಬದಲಾಗುತ್ತವೆ. ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ರುಜುವಾತುಪಡಿಸಲು ಸಲ್ಲಿಸುವ ಜೀವಿತ ಪ್ರಮಾಣ ಪತ್ರವು 2014ರಲ್ಲಿ ಡಿಜಿಟಲ್ ರೂಪಕ್ಕೆ ಬಂದು, 2020ರಿಂದ ಅಂಚೆಯವರೇ ಮನೆ ಬಾಗಿಲಿಗೆ ಬಂದು ಅದನ್ನು ಮಾಡಿಕೊಡುವ ವ್ಯವಸ್ಥೆಯಾಗಿ, 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿದರೂ ಸಾಕೆಂದಾಗಿದೆ. ಹಿಂದೆ ಇವರ ಕೈಕೆಳಗೆ ಕೆಲಸ ಕಲಿತ ಹುಡುಗನೇ ಚೀಲ ಹೊತ್ತು ಬಂದು, ಮೊಬೈಲನ್ನು ಮುಖದೆದುರು ಹಿಡಿದು, ಕಣ್ಣು ಮಿಟುಕಿಸಿ ಸಾರ್ ಎನ್ನುತ್ತಾನೆ. ಮಿಟುಕಿದರಷ್ಟೇ ಎದುರಿಗಿರುವುದು ಫೋಟೋ ಅಲ್ಲ, ಮನುಷ್ಯ ಎಂದು ಯಂತ್ರಕ್ಕೆ ಖಾತ್ರಿಯಾಗುತ್ತದೆ. ಕಣ್ಣು ಮಿಟುಕಿಸಬೇಡಿ ಎಂದು ಊರಿಗೆಲ್ಲ ಗದರಿದವರಿಗೆ ಈ ಆಜ್ಞೆಯನ್ನು ಪಾಲಿಸುವುದು ಸುಲಭವಲ್ಲ. ಬೆಳಕು ಹಿಂದಿನಿಂದ ಬರುತ್ತಿದೆಯೆಂದು ಅವರು ಕುರ್ಚಿಯನ್ನು ಜಗುಲಿಗೆ ಸಾಗಿಸುತ್ತಾರೆ, ಮೊಬೈಲನ್ನು ತುಸು ಮೇಲೆತ್ತಿ ಹಿಡಿಯಲು ಹೇಳುತ್ತಾರೆ, ಮೂರನೆಯ ಯತ್ನಕ್ಕೆ ಬದುಕಿರುವುದು ಸಾಬೀತಾದ ಮೇಲೆ ಚಿತ್ರ ಹೇಗೆ ಬಂದಿದೆ ತೋರಿಸು ಎಂದು ಕೈ ಚಾಚುತ್ತಾರೆ. ಅದರಲ್ಲಿ ಚಿತ್ರ ನೋಡಲು ಸಿಗುವುದಿಲ್ಲ ಸಾರ್ ಎಂದ ಹುಡುಗ, ಇನ್ನೂ ಮೂವರು ಬದುಕಿದ್ದಾರೋ ಇಲ್ಲವೋ ನೋಡಬೇಕೆಂದು ಬೈಕಿಗೆ ಕಿಕ್ ಹೊಡೆಯುತ್ತಾನೆ.